ಮರಳುಬಾಯಿ ಯಾಕೆ ಬದುಕುತ್ತಿಲ್ಲ? ಕಲ್ಪಿತ ಮರುಭೂಮಿಯ ಬೇಟೆಗಿಡಕ್ಕೊಂದು ದೋಷ ನಿವಾರಣೆ ಕೈಪಿಡಿ

ಆಶ್ಲೇಷ ಮಳೆ ಹಿಡಿದು ಕೂತಿದ್ದ ಒಂದು ಶನಿವಾರ ಸಂಜೆ, ಶಿವಮೊಗ್ಗದ ಬಾಡಿಗೆ ಕೋಣೆಯೊಂದರಲ್ಲಿ, ನಾವು ನಾಲ್ವರು ಸೇರಿ ಒಂದು ಗಿಡವನ್ನು ಕೊಂದೆವು. ಗಿಡ ನನ್ನದೇ. ಹೆಸರು ಮರಳುಬಾಯಿ. ಅದು ಬೆಳೆಯುವುದು ಒಣಸೀಮೆ ಎಂಬ ಲೋಕದಲ್ಲಿ. ಆ ಲೋಕ ಇರುವುದು ನನ್ನ ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ, ಮತ್ತೆ ವಾರಕ್ಕೊಮ್ಮೆ ಡೈಸ್ ಉರುಳಿಸಿ ಕಥೆಯಾಟ ಆಡುವ ನಮ್ಮ ನಾಲ್ವರ ತಲೆಯಲ್ಲಿ. ನಾನು ಕಥೆ ನಡೆಸುವವನು. ಉಳಿದ ಮೂವರು ಉಪ್ಪಿನ ವ್ಯಾಪಾರಿಗಳಾಗಿ ಆ ಮರಳುಗಾಡು ದಾಟುವವರು.

ಮರಳುಬಾಯಿಯನ್ನು ಬಲು ಪ್ರೀತಿಯಿಂದ ಕಟ್ಟಿದ್ದೆ. ನೆಲಕ್ಕೆ ಅಂಟಿ ಮಲಗಿದ ಎರಡು ಎಲೆ, ಎರಡೂ ಸೇರಿ ಒಂದು ಮಂಚದಷ್ಟು ಅಗಲ, ಮೇಲೆ ತೆಳ್ಳಗೆ ಮರಳಿನ ಹೊದಿಕೆ. ಮೇಕೆಯೋ ಮನುಷ್ಯನೋ ಕಾಲಿಟ್ಟರೆ ಕಣ್ಣು ಮಿಟುಕಿಸುವುದರಲ್ಲಿ ಮುಚ್ಚಿಕೊಳ್ಳಬೇಕು. ನಡುವಿನ ಗುಳಿಯಲ್ಲಿ ಹಂಡೆ ತುಂಬ ಹುಳಿ ರಸ. ಮಾಂಸವೆಲ್ಲ ಕರಗಿದ ಮೇಲೆ ಎಲುಬು ಹೊರಗೆ. ಓದಿ ಹೇಳುವಾಗ ನನಗೇ ಮೈ ಜುಮ್ಮೆಂದಿತ್ತು. ಎದುರು ಕೂತವರಲ್ಲಿ ಒಬ್ಬಳು ಕಾಲೇಜಿನಲ್ಲಿ ಸಸ್ಯಶಾಸ್ತ್ರ ಪಾಠ ಮಾಡುವವಳು. ಮಂಡಕ್ಕಿ ಮೆಲ್ಲುತ್ತಾ ಅವಳು ಕೇಳಿದ್ದು ಒಂದೇ ಮಾತು: "ಆ ಹಂಡೆಗೆ ನೀರು ಯಾರು ಹೊರ್ತಾರೆ?"

ಅಲ್ಲಿಗೆ ಗಿಡದ ಕಥೆ ಮುಗಿಯಿತು. ಆ ರಾತ್ರಿ ಯಾರೂ ಅದಕ್ಕೆ ಹೆದರಲಿಲ್ಲ.

ಈ ಬರಹ ನನ್ನಂಥವರಿಗಾಗಿ. ಮರುಭೂಮಿಯಲ್ಲಿ ಪ್ರಾಣಿ ತಿನ್ನುವ ಗಿಡವೊಂದನ್ನು ಕಥೆಗೋ ಆಟಕ್ಕೋ ನೆಟ್ಟಿದ್ದೀರಿ, ಅದು ಯಾಕೋ ಚಿಗುರುತ್ತಿಲ್ಲ, ಎಲ್ಲಿ ಕೈ ಹಾಕಬೇಕೆಂದು ತಿಳಿಯುತ್ತಿಲ್ಲ. ನನಗೆ ಎರಡು ತಿಂಗಳು ಹಿಡಿದ ಹುಡುಕಾಟ ಇದು. ತಪ್ಪು ಜಾಗದಲ್ಲಿ ತಡಕಾಡಿದ್ದೇ ಹೆಚ್ಚು, ಅದನ್ನೂ ಬರೆದಿದ್ದೇನೆ.

ದೋಷದ ಲಕ್ಷಣ

ಗಿಡಕ್ಕೆ ಬಂದ ಕಾಯಿಲೆ ಕೇಳುವವರ ಮುಖದಲ್ಲಿ ಕಾಣುತ್ತದೆ. ಹೆದರಬೇಕಾದ ಜಾಗದಲ್ಲಿ ಲೆಕ್ಕ ಕೇಳುತ್ತಾರೆ. "ಮರಳೆಲ್ಲ ಒಳಗೆ ಬೀಳಲ್ವಾ?" "ಗಾಳಿ ಬೀಸಿದ್ರೂ ಮುಚ್ಚಿಕೊಳ್ಳುತ್ತಾ?" "ದಿನಾ ಮೇಕೆ ಎಲ್ಲಿಂದ ಬರುತ್ತೆ?" ಒಂದು ಪ್ರಶ್ನೆ ಬಂದರೆ ಕುತೂಹಲ ಅಂದುಕೊಳ್ಳಿ. ಮೂರು ಬಂದರೆ ಬುಡ ಅಲ್ಲಾಡುತ್ತಿದೆ.

ಆಗ ಎಲ್ಲರೂ ಮೊದಲು ಮಾಡುವುದು, ನಾನೂ ಮಾಡಿದ್ದು, "ಅದು ಮಂತ್ರದ ಗಿಡ" ಎಂದುಬಿಡುವುದು. ಹಂಚು ಒಡೆದ ಕಡೆ ಪ್ಲಾಸ್ಟಿಕ್ ತುರುಕಿದ ಹಾಗೆ. ಆ ರಾತ್ರಿಗೆ ನಿಲ್ಲುತ್ತದೆ, ಮರುದಿನ ನೀರು ಎರಡು ರೀಪು ಆಚೆ ಇಳಿದು ಸೀದಾ ಹಾಸಿಗೆಯ ಮೇಲೆ ಬೀಳುತ್ತದೆ. ನಾನು ಮಂತ್ರ ಅಂದ ಕೂಡಲೇ ಇನ್ನೊಬ್ಬ ಕೇಳಿದ, "ನೀರು ಹುಟ್ಟಿಸೋ ಮಂತ್ರ ಗಿಡಕ್ಕೇ ಗೊತ್ತಿದ್ದರೆ ಈ ಊರಿನೋರು ಬಾವಿಗೆ ಯಾಕೆ ಹೊಡೆದಾಡ್ತಾರೆ?" ಒಣಸೀಮೆಯ ಇಡೀ ಕಥೆ ನಿಂತಿದ್ದೇ ಬಾವಿಯ ಜಗಳದ ಮೇಲೆ. ಗಿಡ ಉಳಿಸಲು ಹೋಗಿ ಊರನ್ನೇ ಕಳೆದುಕೊಳ್ಳುವ ಹಾಗಾಯಿತು. ಹಾಗಾಗಿ ಮಂತ್ರದ ಡಬ್ಬಿಯನ್ನು ಅಟ್ಟದ ಮೇಲಿಡಿ. ದೋಷ ಎಲ್ಲಿದೆ ಅಂತ ಖಚಿತವಾದ ಮೇಲೆ, ಬೇಕಾದರೆ, ಒಂದು ಚಿಟಿಕೆ.

ಪೆನ್ಸಿಲ್ ಪರೀಕ್ಷೆ

ಗಿಡದ ವರ್ಣನೆಯನ್ನು ಮುಂದಿಟ್ಟುಕೊಂಡು ಒದ್ದೆಯಾದ ಪ್ರತಿಯೊಂದು ಪದದ ಕೆಳಗೂ ಗೆರೆ ಎಳೆಯಿರಿ. ನನ್ನ ಎರಡು ಪುಟದಲ್ಲಿ ಹದಿನೇಳು ಗೆರೆ ಬಿದ್ದವು. ರಸ, ಲೋಳೆ, ಇಬ್ಬನಿ, ಕೊಳೆತ ವಾಸನೆ, ಸುತ್ತ ಹಾರುವ ಗುಂಗಾಡಿನ ಹಿಂಡು, ಎಲೆಯ ಅಂಚಿಗೆ ಹಸಿರು ಪಾಚಿ. ಮರುಭೂಮಿಯಲ್ಲಿ ಪಾಚಿ! ಬರೆಯುವಾಗ ಗೊತ್ತೇ ಆಗಿರಲಿಲ್ಲ.

ಹೊಸನಗರದ ಕಡೆಯವನು ನಾನು. ಆರಿದ್ರೆಯಿಂದ ಮಘೆಯವರೆಗೆ ಬಟ್ಟೆ ಒಣಗದ, ಚಪ್ಪಲಿಗೂ ಬೂಷ್ಟು ಹಿಡಿಯುವ, ಅಂಗಳ ದಾಟಿದರೆ ಉಂಬಳ ಹತ್ತುವ ಮನೆಯಲ್ಲಿ ಬೆಳೆದವನು. ನಾನು ಕಂಡ ಅತಿ ಒಣ ಸೀಮೆ ಅಂದರೆ ಬಸ್ಸಿನ ಕಿಟಕಿಯಿಂದ ಕಂಡ ಚಿತ್ರದುರ್ಗದ ಬಯಲು. ವರ್ಷಕ್ಕೆ 250 ಮಿಲಿಮೀಟರಿಗಿಂತ ಕಡಿಮೆ ಮಳೆಯಾಗುವ ನೆಲವನ್ನು ಮರುಭೂಮಿ ಎನ್ನುವುದು ವಾಡಿಕೆ. ವರ್ಷಕ್ಕೆ 7,000 ಮಿಲಿಮೀಟರ್ ದಾಟುವ ಆಗುಂಬೆಯಲ್ಲಿ ಅದು ಜೋರು ಮಳೆಗಾಲದ ಎರಡು ಮೂರು ದಿನದ ಬಾಬತ್ತು. ಅಂಥ ಕಡೆಯವನು ಕೂತು ಮರಳುಗಾಡು ಬರೆದರೆ ಮರಳಿನೊಳಗಿಂದ ಮಲೆನಾಡು ಜಿನುಗದೆ ಇರುತ್ತದೆಯೇ?

ಈ ದೋಷಕ್ಕೆ ನಾವು ಆಟದಲ್ಲಿ 'ಮಲೆನಾಡು ಸೋರಿಕೆ' ಎಂದು ಹೆಸರಿಟ್ಟಿದ್ದೇವೆ. ನಿಮ್ಮೂರು ರಾಯಚೂರಾದರೆ ನಿಮಗೆ ಸೋರುವುದು ಬೇರೆ ಏನೋ ಇರಬಹುದು. ಆದರೆ ಪ್ರಾಣಿ ತಿನ್ನುವ ಗಿಡದ ವಿಷಯದಲ್ಲಿ ಎಲ್ಲರಿಗೂ ಸೋರುವುದು ನೀರೇ. ಅದಕ್ಕೆ ಕಾರಣ ಇದೆ, ಸ್ವಲ್ಪ ಹೊತ್ತಿನಲ್ಲಿ ಬರುತ್ತೇನೆ.

ಹಂಡೆಯ ಲೆಕ್ಕ

ಬಿರುಬೇಸಿಗೆಯ ಮರುಭೂಮಿಯಲ್ಲಿ ತೆರೆದ ಪಾತ್ರೆಯ ನೀರು ದಿನಕ್ಕೆ ಸುಮಾರು ಒಂದು ಸೆಂಟಿಮೀಟರ್ ಇಳಿಯುತ್ತದೆ. ನನ್ನ ಮರಳುಬಾಯಿಯ ಬಾಯಿ ಎರಡು ಚದರ ಮೀಟರ್. ಅಷ್ಟಗಲ ಒದ್ದೆಯನ್ನು ಬಿಸಿಲಿಗೆ ತೆರೆದಿಟ್ಟರೆ ದಿನಕ್ಕೆ 20 ಲೀಟರ್ ಗಾಳಿಪಾಲು.

ಈಗ ಆದಾಯದ ಕಡೆ ನೋಡಿ. 30 ಕಿಲೋ ತೂಗುವ ಮೇಕೆಯ ಮೈಯಲ್ಲಿ ನೀರು ಶೇಕಡ 60ರಷ್ಟು ಅಂದರೂ 18 ಲೀಟರ್. ಕೊನೇ ಹನಿಯವರೆಗೂ ಹಿಂಡಿಕೊಂಡರೂ ದಿನಕ್ಕೊಂದು ಮೇಕೆ ಬಿದ್ದರೆ ಬಾಯಿ ಒದ್ದೆಯಾಗಿ ಇಟ್ಟುಕೊಳ್ಳುವುದಕ್ಕೇ ಸಾಲದು. ಬೆಳೆಯುವುದು, ಬೀಜ ಕಟ್ಟುವುದು ಆಮೇಲಿನ ಮಾತು. ನಮ್ಮ ಕಡೆಯವರಿಗೆ ಅರ್ಥವಾಗುವ ಹಾಗೆ ಹೇಳುವುದಾದರೆ, ಬೇಸಿಗೆಯಲ್ಲಿ ಒಂದು ಅಡಕೆ ಮರಕ್ಕೆ ಹನಿ ನೀರಾವರಿಯಲ್ಲಿ ದಿನಕ್ಕೆ 16ರಿಂದ 20 ಲೀಟರ್ ಕೊಡಿ ಎನ್ನುತ್ತಾರೆ. ಒಂದು ಮೇಕೆ ಅಂದರೆ ಒಂದು ಅಡಕೆ ಮರದ ಒಂದು ದಿನ. ಎಕರೆ ತೋಟಕ್ಕೆ ಎಷ್ಟು ಮೇಕೆ ಎಂದು ನಮ್ಮ ಗುಂಪಿನ ತೋಟದ ಮನೆಯವನು ಅಲ್ಲೇ ಲೆಕ್ಕ ಹಾಕಲು ಕೂತ. ಅವನನ್ನು ತಡೆಯುವುದೇ ಕಷ್ಟವಾಯಿತು.

ನಿಮ್ಮ ಗಿಡಕ್ಕೂ ಈ ಲೆಕ್ಕ ಹಾಕಿ. ಬಾಯಿಯ ಅಗಲ ಚದರ ಮೀಟರಿನಲ್ಲಿ, ಅದನ್ನು ಹತ್ತರಿಂದ ಗುಣಿಸಿದರೆ ದಿನಕ್ಕೆ ಆರುವ ಲೀಟರ್. ಬೇಟೆಯ ತೂಕದ ಅರ್ಧಕ್ಕಿಂತ ತುಸು ಹೆಚ್ಚು, ಅದು ಸಿಗಬಹುದಾದ ಲೀಟರ್. ಖರ್ಚು ಹೆಚ್ಚಾದರೆ ಬಾಯಿ ಚಿಕ್ಕದು ಮಾಡಿ, ಇಲ್ಲವೇ ಹಗಲಲ್ಲಿ ಮುಚ್ಚಿಡಿ.

ಹಗಲಲ್ಲಿ ಮುಚ್ಚಿಡುವ ಉಪಾಯ ನಿಜವಾದ ಒಣನೆಲದ ಗಿಡಗಳದ್ದೇ. ಅನಾನಸು, ಕಳ್ಳಿ, ಕಾಡುಬಸಳೆ ಇವೆಲ್ಲ ಎಲೆಯ ರಂಧ್ರಗಳನ್ನು ರಾತ್ರಿ ತಂಪಿನಲ್ಲಿ ತೆರೆದು, ಗಾಳಿಯಿಂದ ಬೇಕಾದ್ದನ್ನು ಎಳೆದುಕೊಂಡು, ಹುಳಿ ಆಮ್ಲವಾಗಿ ಕೂಡಿಟ್ಟು, ಹಗಲು ಬಾಗಿಲು ಹಾಕಿಕೊಂಡು ಅಡುಗೆ ಮಾಡುತ್ತವೆ. ಕಾಡುಬಸಳೆಯ ಎಲೆ ಬೆಳಗ್ಗೆ ಹುಳಿ, ಮಧ್ಯಾಹ್ನಕ್ಕೆ ಸಪ್ಪೆ ಎಂಬುದನ್ನು ಭಾರತದಲ್ಲಿದ್ದ ಬೆಂಜಮಿನ್ ಹೇನ್ ಎಂಬ ಸಸ್ಯಶಾಸ್ತ್ರಜ್ಞ ಅಗಿದು ನೋಡಿಯೇ ಕಂಡುಕೊಂಡು 1813ರಲ್ಲಿ ಲಂಡನ್ನಿಗೆ ಕಾಗದ ಬರೆದಿದ್ದ. ನಾನು ಹಿತ್ತಿಲಲ್ಲಿ ಎರಡು ಹೊತ್ತೂ ಅಗಿದು ನೋಡಿದೆ. ಬೆಳಗಿನ ಎಲೆ ನಿಜಕ್ಕೂ ಹುಳಿ. ಸಂಜೆಯದರ ರುಚಿ ಹೇಳುವಂಥದ್ದಲ್ಲ.

ಈ ಒಂದು ತಿದ್ದುಪಡಿಯಿಂದ ಆಟಕ್ಕೆ ಆದ ಲಾಭ ನಾನು ನಿರೀಕ್ಷಿಸಿದ್ದಲ್ಲ. ಮರಳುಬಾಯಿ ಹಗಲು ಕಲ್ಲಿನಂತೆ ಬಿದ್ದಿರುತ್ತದೆ, ಕತ್ತಲಾದ ಮೇಲೆ ಮಾತ್ರ ತೆರೆಯುತ್ತದೆ. ಬಿಸಿಲಿಗೆ ಹೆದರಿ ರಾತ್ರಿ ಪ್ರಯಾಣ ಮಾಡುತ್ತಿದ್ದ ವ್ಯಾಪಾರಿಗಳಿಗೆ ಈಗ ಹಗಲೂ ಕಷ್ಟ, ರಾತ್ರಿಯೂ ಕಷ್ಟ.

ಚಿರೇಕಲ್ಲಿನ ಮೇಲೆ ಸಿಕ್ಕ ಉತ್ತರ

ಇಷ್ಟಾದರೂ ಗಿಡ ಪೂರ್ತಿ ನಿಲ್ಲಲಿಲ್ಲ. ಸಸ್ಯಶಾಸ್ತ್ರದ ಗೆಳತಿ ಕೊನೆಗೆ ಒಂದು ಭಾನುವಾರ ನಮ್ಮನ್ನು ಸಾಗರದ ಕಡೆಯ ಒಂದು ಚಿರೇಕಲ್ಲಿನ ಬಯಲಿಗೆ ಕರೆದುಕೊಂಡು ಹೋದಳು. ಮಳೆ ಹಿಂದೆ ಸರಿದು ಗದ್ದೆಯಲ್ಲಿ ಭತ್ತ ಹಾಲು ತುಂಬುವ ಸಮಯ. ಬಯಲಿನ ಮೇಲೆ ಇನ್ನೂ ಬೆರಳ ದಪ್ಪ ನೀರು ನಿಂತಿತ್ತು. ಕಾಲ ಬುಡದಲ್ಲಿ, ಎರಡು ರೂಪಾಯಿ ನಾಣ್ಯದಷ್ಟಗಲ, ಕೆಂಪು ಚಕ್ರದಂಥ ಪುಟ್ಟ ಗಿಡಗಳು. ಎಲೆಯ ಒಂದೊಂದು ಕೂದಲಿನ ತುದಿಗೂ ಮಿನುಗುವ ಅಂಟಿನ ಹನಿ. ಅದು ಡ್ರೊಸೆರಾ. ಒಂದರಲ್ಲಿ ನೊರಜು ಸಿಕ್ಕಿಕೊಂಡು ಕಾಲು ಬಡಿಯುತ್ತಿತ್ತು. ಪಕ್ಕದ ನೀರಿನಲ್ಲಿ ನೀಲಿ ಹೂ ಬಿಟ್ಟ ಯುಟ್ರಿಕ್ಯುಲೇರಿಯಾ. ಹೂ ನೋಡಿದರೆ ದೇವರ ತಲೆಯ ಮೇಲಿಡಬೇಕು ಅನ್ನಿಸುತ್ತದೆ, ಕೆಸರಿನೊಳಗೆ ಮಾತ್ರ ಸಣ್ಣ ಸಣ್ಣ ಚೀಲಗಳು ಬಾಯಿ ತೆರೆದು ಹುಳವನ್ನು ಸೆಳೆದುಕೊಳ್ಳುತ್ತಿರುತ್ತವೆ. ಇಪ್ಪತ್ತೈದು ವರ್ಷ ಇಂಥ ಬಯಲಿನಲ್ಲಿ ದನ ಹೊಡೆದುಕೊಂಡು ಓಡಾಡಿದ್ದೇನೆ, ಒಮ್ಮೆಯೂ ಬಗ್ಗಿ ನೋಡಿರಲಿಲ್ಲ.

"ಇವು ಯಾಕೆ ಇಲ್ಲಿವೆ ಹೇಳು" ಅಂದಳು. ಆಮೇಲೆ ಅವಳೇ ಹೇಳಿದ್ದರ ಸಾರ ಇಷ್ಟು. ಬಲೆಯಾಗಿ ಬದಲಾದ ಎಲೆ ಅಡುಗೆಗೆ ಸರಿ ಬರುವುದಿಲ್ಲ. ಅಂಟು, ರಸ, ಬಣ್ಣ ಎಲ್ಲಕ್ಕೂ ಖರ್ಚು, ಬಿಸಿಲಿನಿಂದ ಬರುವ ಆದಾಯ ಕಡಿಮೆ. ಈ ದಂಡ ತೆತ್ತೂ ಲಾಭವಾಗಬೇಕಾದರೆ ಬಿಸಿಲು ಧಾರಾಳ ಇರಬೇಕು, ನೀರೂ ಧಾರಾಳ ಇರಬೇಕು, ಸಾರಜನಕ, ರಂಜಕದಂಥ ಪೋಷಕಾಂಶ ಮಾತ್ರ ಇರಬಾರದು. 1984ರಲ್ಲಿ ಥಾಮಸ್ ಗಿವ್ನಿಶ್ ಮತ್ತು ಜೊತೆಗಾರರು ಈ ಲಾಭ ನಷ್ಟದ ಲೆಕ್ಕವನ್ನು ಬಿಡಿಸಿಟ್ಟರು. ಅವರು ಹಿಡಿದ ಉದಾಹರಣೆ ದಕ್ಷಿಣ ಅಮೆರಿಕದ ಬ್ರೊಕ್ಕೀನಿಯಾ ರಿಡಕ್ಟಾ, ಅನಾನಸಿನ ಕುಟುಂಬದ ಗಿಡ. ಬನವಾಸಿಯ ಹೊಲದಲ್ಲಿ ಸಾಧುವಾಗಿ ಸಾಲು ನಿಂತಿರುವ ಅನಾನಸಿಗೆ ಇಂಥ ದಾಯಾದಿಯೂ ಇದೆ.

ಚಿರೇಕಲ್ಲಿನ ಬಯಲು ಈ ಲೆಕ್ಕಕ್ಕೆ ಹೇಳಿ ಮಾಡಿಸಿದ್ದು. ಮೇಲೆ ಮರವಿಲ್ಲ, ಬಿಸಿಲು ಬೇಕಾದಷ್ಟು. ನಾಲ್ಕು ತಿಂಗಳ ಮಳೆ ಮಣ್ಣಿನ ಸಾರವನ್ನೆಲ್ಲ ತೊಳೆದು ಹೊಳೆಗೆ ಸಾಗಿಸಿರುತ್ತದೆ, ನೀರು ಮಾತ್ರ ನಿಂತಿರುತ್ತದೆ. ಅಂದರೆ ಹುಳ ತಿನ್ನುವುದು ನೀರು ಜಾಸ್ತಿಯಾದ ಊರಿನ ಚಾಳಿ! ಮರುಭೂಮಿಯಲ್ಲಿ ಗಿಡವನ್ನು ಕಟ್ಟಿಹಾಕುವುದು ನೀರಿನ ಕೊರತೆ. ಅಲ್ಲಿ ಅದಕ್ಕೆ ಮೇಕೆಯ ಸಾರಜನಕ ಉಣಿಸುವುದು ಬಾವಿ ಬತ್ತಿದ ತೋಟಕ್ಕೆ ಗೊಬ್ಬರ ಹೊತ್ತು ಹಾಕಿದ ಹಾಗೆ.

ನಾನು ಎರಡು ತಿಂಗಳು ಮರಳುಬಾಯಿಯಿಂದ ಮಲೆನಾಡನ್ನು ಒರೆಸಿ ತೆಗೆಯುತ್ತಿದ್ದೆ. ಕಾಯಿಲೆ ಅದಾಗಿರಲಿಲ್ಲ. ಮಲೆನಾಡು ಗಿಡಕ್ಕೆ ಬೇಕೇ ಬೇಕು. ನಾನು ಅದನ್ನು ಮೇಲೆ, ಎಲ್ಲರಿಗೂ ಕಾಣುವ ಹಾಗೆ, ಬಿಸಿಲಿಗೆ ಹರಡಿದ್ದೆ. ಗಿಡದೊಳಗೋ ಸುತ್ತಲೋ ಎಲ್ಲಾದರೂ ಒಂದು ಕಡೆ ಒದ್ದೆಯನ್ನು ಬಚ್ಚಿಡಬೇಕಿತ್ತು. ಆಮೇಲಿನ ಪ್ರಶ್ನೆಗಳೆಲ್ಲ ಇದರಿಂದಲೇ ಹುಟ್ಟುತ್ತವೆ: ನಿಮ್ಮ ಗಿಡದ ಒದ್ದೆ ಎಲ್ಲಿದೆ?

ಒದ್ದೆ ಬಚ್ಚಿಡುವ ಜಾಗಗಳು

ಸುಲಭದ್ದು ಬೇರು. ಬಳ್ಳಾರಿ ಜಾಲಿಯ ಕುಲದ ಮರವೊಂದರ ಬೇರು ಅಮೆರಿಕದ ಅರಿಜೋನಾದ ತೆರೆದ ಗಣಿಯಲ್ಲಿ 50 ಮೀಟರಿಗೂ ಆಳದಲ್ಲಿ ಸಿಕ್ಕಿತ್ತು. ಅಷ್ಟು ಆಳದಲ್ಲಿ ಒರತೆ ಇದ್ದರೆ ಮೇಲೆ ಮರಳು ಕಾದು ಬೂದಿಯಾಗಲಿ, ಗಿಡದ ಮಟ್ಟಿಗೆ ಅದು ಚಿರೇಕಲ್ಲಿನ ಬಯಲೇ. ಬಿಸಿಲುಂಟು, ನೀರುಂಟು, ಮರಳಿನಲ್ಲಿ ಸಾರವಿಲ್ಲ. ಹುಳ ತಿನ್ನಲು ಇದಕ್ಕಿಂತ ಒಳ್ಳೆ ನೆವ ಬೇಡ. ಅಡ್ಡ ಪರಿಣಾಮ ಒಂದಿದೆ: ಇಂಥ ಗಿಡ ಇದ್ದಲ್ಲೆಲ್ಲ ಕೆಳಗೆ ನೀರಿದೆ ಎಂದು ಆಟಗಾರರು ಕಂಡುಹಿಡಿಯುತ್ತಾರೆ. ಕಂಡುಹಿಡಿದೇ ಹಿಡಿಯುತ್ತಾರೆ.

ಎರಡನೆಯದು ಮಂಜು. ಆಫ್ರಿಕದ ನಮೀಬ್ ಮರುಭೂಮಿಗೆ ಮಳೆ ಅಪರೂಪ, ಆದರೆ ಕಡಲಿನಿಂದ ಮಂಜು ಬರುತ್ತದೆ. ಅಲ್ಲಿನ ಒನಿಮ್ಯಾಕ್ರಿಸ್ ಎಂಬ ಕಪ್ಪು ಜೀರುಂಡೆ ಮುಂಜಾನೆ ಮರಳುದಿಬ್ಬದ ತುದಿಗೆ ಹತ್ತಿ, ತಲೆ ಕೆಳಗೆ ಮಾಡಿ ನಿಂತು, ಬೆನ್ನ ಮೇಲೆ ಕೂತ ಮಂಜು ಹನಿಯಾಗಿ ಬಾಯಿಗೆ ಜಾರುವವರೆಗೆ ಕಾಯುತ್ತದೆ. ಬೇಟೆಗಿಡದ ಜಾತಿಯಲ್ಲಿ ಈ ದಾರಿ ಹಿಡಿದದ್ದು ಡ್ರೊಸೊಫಿಲಮ್. ಪೋರ್ಚುಗಲ್, ಸ್ಪೇನ್, ಮೊರಾಕ್ಕೊದ ಒಣ ಗುಡ್ಡದ ಇಳಿಜಾರಿನ ಗಿಡ. ಕುಲಬಾಂಧವರೆಲ್ಲ ಕೆಸರು ಹುಡುಕಿಕೊಂಡು ಹೋದರೆ ಇದೊಂದು ಜಲ್ಲಿಯಲ್ಲಿ ನಿಂತು, ಮಳೆಯಿಲ್ಲದ ಬೇಸಿಗೆಯನ್ನೂ ಅಂಟು ಸುರಿಸುತ್ತಲೇ ಕಳೆಯುತ್ತದೆ. ಆ ಅಂಟೇ ಕಡಲ ಮಂಜಿನ ತೇವವನ್ನು ಎಳೆದುಕೊಳ್ಳುತ್ತದೆ. ಪೋರ್ಟೊ ಪಟ್ಟಣದ ಸುತ್ತಿನ ಹಳ್ಳಿಯವರು ಇದನ್ನು ತಂದು ನೊಣ ಹಿಡಿಯಲು ಮನೆಯೊಳಗೆ ತೂಗುಹಾಕುತ್ತಾರೆ ಎಂದು ಡಾರ್ವಿನ್ 1875ರಲ್ಲೇ ಬರೆದಿದ್ದಾನೆ. ಮರುಭೂಮಿಯ ಬೇಟೆಗಿಡ ಕಟ್ಟಲು ಹೊರಟವರಿಗೆ ನಿಜಲೋಕದಲ್ಲಿ ಇದಕ್ಕಿಂತ ಹತ್ತಿರದ ಮಾದರಿ ನನಗೆ ಕಂಡಿಲ್ಲ. ನಿಮ್ಮ ಮರುಭೂಮಿಗೆ ಒಂದು ಕಡಲನ್ನು ಕೊಡಿ, ಅರ್ಧ ಪ್ರಶ್ನೆ ಅಲ್ಲೇ ಬಗೆಹರಿಯುತ್ತದೆ.

ಮೂರನೆಯದು ಕಾಲ. ಒದ್ದೆಯನ್ನು ಕ್ಯಾಲೆಂಡರಿನಲ್ಲಿ ಬಚ್ಚಿಡುವುದು. ಪಶ್ಚಿಮ ಆಸ್ಟ್ರೇಲಿಯದ ಗೆಡ್ಡೆ ಡ್ರೊಸೆರಾಗಳು ಬೇಸಿಗೆ ಬಂತೆಂದರೆ ಮೇಲಿನದನ್ನೆಲ್ಲ ಒಣಗಿಸಿಕೊಂಡು ನೆಲದೊಳಗೆ ಗೆಡ್ಡೆಯಾಗಿ ಮಲಗುತ್ತವೆ. ಮೆಕ್ಸಿಕೊದ ಹಲವು ಪಿಂಗ್ವಿಕ್ಯುಲಾಗಳು ಒಣಕಾಲಕ್ಕೆ ಅಂಟಿನ ಎಲೆ ಬಿಟ್ಟು ದಪ್ಪದ ಪುಟ್ಟ ಎಲೆ ತಳೆದು ಸನ್ಯಾಸಿಗಳಾಗುತ್ತವೆ. ಕಥೆಗೆ ಇದು ಬಲು ಒಳ್ಳೆಯದು. ವರ್ಷದಲ್ಲಿ ಹನ್ನೊಂದು ತಿಂಗಳು ನಿರುಪದ್ರವಿ ದಾರಿ, ಒಂದು ಮಳೆ ಬಿದ್ದು ಮೂರು ವಾರ ಮಾತ್ರ ಯಾರೂ ಹೋಗಬಾರದ ದಾರಿ.

ನಾಲ್ಕನೆಯದು ಬೇಟೆಯ ಮೈಯ ನೀರು. ಸಾರಜನಕಕ್ಕಲ್ಲ, ನೀರಿಗಾಗಿಯೇ ಬೇಟೆಯಾಡುವ ಗಿಡ. ನಿಜಲೋಕದಲ್ಲಿ ಹೀಗೆ ಬದುಕುವ ಗಿಡವಿಲ್ಲ, ಹಾಗಾಗಿ ಅಟ್ಟದ ಮೇಲಿಟ್ಟ ಮಂತ್ರದ ಡಬ್ಬಿಯನ್ನು ಇಲ್ಲಿ ತೆರೆಯಬಹುದು. ಹಂಡೆಯ ಲೆಕ್ಕವನ್ನು ಮಾತ್ರ ಮರೆಯಬೇಡಿ.

ಬಾಯಿ ತಾನಾಗಿ ಮುಚ್ಚಿಕೊಳ್ಳುತ್ತಿದ್ದರೆ

ಮರಳುಗಾಳಿ ಬೀಸುವ ಕಡೆ ಬಲೆಯ ದೊಡ್ಡ ಶತ್ರು ಸುಳ್ಳು ಕರೆ. ಎಲೆಯನ್ನೇ ಬಾಯಿಯಂತೆ ಮುಚ್ಚಿ ಹುಳ ಹಿಡಿಯುವ ವೀನಸ್ ಫ್ಲೈಟ್ರ್ಯಾಪ್ ಎಂಬ ಗಿಡ ಇದನ್ನು ಎಣಿಕೆಯಿಂದ ಗೆದ್ದಿದೆ. ಒಳಗಿನ ಕೂದಲನ್ನು ಒಮ್ಮೆ ಮುಟ್ಟಿದರೆ ಸುಮ್ಮನಿರುತ್ತದೆ. ಸುಮಾರು ಇಪ್ಪತ್ತು ಸೆಕೆಂಡಿನೊಳಗೆ ಎರಡನೆಯ ಸಲ ಮುಟ್ಟಿದರೆ ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ಮುಚ್ಚುತ್ತದೆ. ಒಳಗಿರುವುದು ಇನ್ನೂ ಒದ್ದಾಡಿ ಎಣಿಕೆ ಐದರ ಹತ್ತಿರ ಬಂದಾಗ ಜೀರ್ಣರಸಕ್ಕೆ ಅಪ್ಪಣೆ. ಮರಳಿನ ಹರಳು ಒಮ್ಮೆ ಬಿದ್ದು ಸುಮ್ಮನಾಗುತ್ತದೆ, ಜೀವ ಇರುವುದು ಎರಡನೇ ಹೆಜ್ಜೆ ಇಡುತ್ತದೆ. ಇದನ್ನು ಹಾಗೇ ಎತ್ತಿಕೊಂಡೆ. ಈಗ ನಮ್ಮ ಆಟದಲ್ಲಿ ಮರಳುಬಾಯಿಯ ಮೇಲೆ ಕಾಲಿಟ್ಟವನು ಒಂದೇ ಕಾಲಿನಲ್ಲಿ ನಿಂತು ಇಪ್ಪತ್ತು ಎಣಿಸಬೇಕು. ಮೊನ್ನೆ ನಮ್ಮ ತೋಟದ ಮನೆಯವನು ಹದಿನಾರಕ್ಕೆ ಸೀನಿದ.

ಗಾತ್ರದ ತೊಂದರೆ ಬೇರೆಯದು. ಫ್ಲೈಟ್ರ್ಯಾಪಿನ ಎಲೆ ಮುಚ್ಚುವುದರಲ್ಲಿ ಜೀವಕೋಶದ ನೀರಿನ ಒತ್ತಡದ ಪಾತ್ರ ದೊಡ್ಡದು. ಹೆಬ್ಬೆರಳಿನಷ್ಟು ಎಲೆಗೆ ಅದು ಸರಿ, ಮಂಚದಷ್ಟು ಎಲೆಗೆ ನೀರು ಒಂದು ಕಡೆಯಿಂದ ಇನ್ನೊಂದು ಕಡೆ ಹರಿಯುವುದರೊಳಗೆ ಮೇಕೆ ಮನೆ ಸೇರಿರುತ್ತದೆ. ಇದಕ್ಕೆ ಪರಿಹಾರ ಸಿಕ್ಕಿದ್ದು ಬಸವನಪಾದದ ಕಾಯಿಯಲ್ಲಿ. ಬೇಸಿಗೆಯಲ್ಲಿ ಆ ಕಾಯಿ ಒಣಗುತ್ತಾ ಒಣಗುತ್ತಾ ಒಳಗೊಳಗೇ ಬಿಗಿದುಕೊಂಡು, ಒಂದು ಮಧ್ಯಾಹ್ನ ಚಟಾರೆಂದು ಸಿಡಿದು, ಎರಡೂ ಸಿಪ್ಪೆ ತಿರುಪಿನಂತೆ ಸುತ್ತಿಕೊಂಡು ಬೀಜ ಎಸೆಯುತ್ತದೆ. ಬಿಗಿತ ಬರುವುದು ಒಣಗುವುದರಿಂದ, ಖರ್ಚಾಗುವ ನೀರು ಏನೂ ಇಲ್ಲ. ಮರುಭೂಮಿಯಲ್ಲಿ ಧಾರಾಳ ಸಿಗುವುದು ಒಣಗುವಿಕೆ ಒಂದೇ ಅಲ್ಲವೇ? ನನ್ನ ಮರಳುಬಾಯಿಯ ಎಲೆಯ ಅಂಚು ಈಗ ಅರ್ಧ ಸತ್ತ ನಾರು, ಬಿಸಿಲಿಗೆ ಬಿಲ್ಲಿನಂತೆ ಬಿಗಿಯುತ್ತದೆ. ಒಮ್ಮೆ ಸಿಡಿದರೆ ಮತ್ತೆ ಬಿಚ್ಚಿಕೊಳ್ಳಲು ಒಂದು ಒದ್ದೆ ರಾತ್ರಿ ಬೇಕು. ಅಲ್ಲಿಯವರೆಗೆ ಅದರ ಮೇಲೆ ಮಕ್ಕಳು ಕುಣಿಯಬಹುದು.

ಅಂಟು ಒಣಗಿದರೆ

ನಿಮ್ಮ ಗಿಡ ಅಂಟಿನದಾದರೆ ಇದನ್ನು ಓದಿ, ಇಲ್ಲವಾದರೆ ಬಿಡಿ. ಅಂಟಿನಲ್ಲಿ ಎರಡು ಜಾತಿ. ತಲೆಗೆ ಹಾಕುವ ಮತ್ತಿಸೊಪ್ಪಿನ ಗೊಂಪು ಒಂದು ಜಾತಿ, ಅದು ನೀರಿನ ಲೋಳೆ, ಬಿಸಿಲಿಗಿಟ್ಟರೆ ಗಂಟೆಯಲ್ಲಿ ಹಪ್ಪಳ. ಹಲಸಿನ ಮೇಣ ಇನ್ನೊಂದು ಜಾತಿ. ಕೈಗೆ ಎಣ್ಣೆ ಸವರಿಕೊಳ್ಳದೆ ಹಣ್ಣು ಬಿಡಿಸಿದವರಿಗೆ ಅದರ ಗುಣ ಹೇಳಬೇಕಿಲ್ಲ. ನೀರಿನಲ್ಲಿ ತೊಳೆದರೆ ಇನ್ನಷ್ಟು ಹಿಡಿದುಕೊಳ್ಳುತ್ತದೆ. ಡ್ರೊಸೆರಾದ್ದು ಗೊಂಪಿನ ಜಾತಿ. ದಕ್ಷಿಣ ಆಫ್ರಿಕದ ರೊರಿಡುಲಾ ಎಂಬ ಪೊದೆಯದ್ದು ರಾಳ, ಮೇಣದ ಕಡೆಯದು. ಮರುಭೂಮಿಗೆ ಮೇಣ ಆರಿಸಿ.

ಆದರೆ ಮೇಣದಲ್ಲಿ ಜೀರ್ಣರಸ ಕೆಲಸ ಮಾಡುವುದಿಲ್ಲ, ಅದಕ್ಕೆ ನೀರು ಬೇಕು. ರೊರಿಡುಲಾ ಇದಕ್ಕೆ ಮಾಡಿಕೊಂಡ ಏರ್ಪಾಡು ಯಾವ ಫ್ಯಾಂಟಸಿಗೂ ಕಡಿಮೆಯಿಲ್ಲ. ಪಾಮೆರಿಡಿಯಾ ಎಂಬ ತಿಗಣೆಜಾತಿಯ ಕೀಟ ಆ ರಾಳಕ್ಕೆ ಅಂಟಿಕೊಳ್ಳದೆ ಗಿಡದ ಮೇಲೆಯೇ ಸಂಸಾರ ಹೂಡಿರುತ್ತದೆ. ಸಿಕ್ಕಿಬಿದ್ದ ಹುಳವನ್ನು ತಿನ್ನುವುದು ಅದು, ಅದರ ಹಿಕ್ಕೆಯನ್ನು ಎಲೆಯ ಮೂಲಕ ಹೀರಿಕೊಳ್ಳುವುದು ಗಿಡ. ಕೊಟ್ಟಿಗೆ ಗೊಬ್ಬರ ನಂಬಿದ ಬೇಸಾಯ ಅನ್ನಿ.

ಅರಗುತ್ತಿಲ್ಲವೇ?

ಇಲ್ಲೇ ನನ್ನ ಹಂಡೆಯ ರಸಕ್ಕೆ ಕೊನೆಯ ಮೊಳೆ ಬಿತ್ತು. ಮಲೆನಾಡಿನಲ್ಲಿ ಸತ್ತದ್ದು ಕೊಳೆಯುತ್ತದೆ. ಅಡಕೆಗೆ ಬರುವ ರೋಗಕ್ಕೂ ನಾವು ಕೊಳೆ ಎಂದೇ ಹೆಸರಿಟ್ಟವರು. ಮರುಭೂಮಿಯಲ್ಲಿ ಸತ್ತದ್ದು ಸಂಡಿಗೆಯಾಗುತ್ತದೆ. ಮುಚ್ಚಿದ ಬಾಯಿಯೊಳಗೆ ಮೇಕೆ ಒಣಗಿ ನಿಂತಿದೆ ಎಂದುಕೊಳ್ಳಿ, ಅದನ್ನು ಕರಗಿಸಲು ಸುರಿಯುವ ರಸ ಅದರಿಂದ ಸಿಗುವ ನೀರಿಗಿಂತ ಹೆಚ್ಚಾಗಬಾರದು. ನಾನು ರೊರಿಡುಲಾದ ದಾರಿ ಹಿಡಿದೆ. ರಸವನ್ನು ಪೂರ್ತಿ ತೆಗೆದುಹಾಕಿ ಮರಳುಬಾಯಿಯ ಬುಡದಲ್ಲಿ ಒಂದು ಜಾತಿಯ ಕುರುಡು ಇರುವೆಗಳನ್ನು ಸಾಕಿದೆ. ಬಾಯಿ ಮುಚ್ಚಿದ ಮೇಲೆ ಇರುವೆಗಳು ಒಳಗೆ ನುಗ್ಗುತ್ತವೆ, ತಿಂದು ಬೇರಿನ ಸುತ್ತ ಗೂಡು ಕಟ್ಟುತ್ತವೆ, ಗೂಡಿನ ಕಸದಿಂದ ಬೇರು ಉಣ್ಣುತ್ತದೆ. ಹಂಡೆಗಿಂತ ಇದು ಭಯಾನಕ. ಚಗಳಿ ಇರುವೆಯ ಕೊಟ್ಟೆಗೆ ಕೈಹಾಕಿದವರು ಆ ರಾತ್ರಿ ಕೋಣೆಯಲ್ಲಿ ಇಬ್ಬರಿದ್ದರು, ವರ್ಣನೆ ಅರ್ಧಕ್ಕೇ ಸಾಕು ಅಂದರು.

ಬೇಟೆ ಬರುತ್ತಿಲ್ಲವೇ?

ಸಿಹಿ ವಾಸನೆ, ಬಣ್ಣದ ಹೂವು ಎಲ್ಲ ಕಾಡಿನ ಉಪಾಯ. ಬೆಂಗಾಡಿನಲ್ಲಿ ನೆರಳೊಂದೇ ಸಾಕು. ಹಗಲು ನೆರಳು ಕೊಟ್ಟು ನಂಬಿಸಿ, ಸಂಜೆ ತೆರೆಯಲಿ. ಮೇಕೆ ತಿಂಗಳಿಗೊಂದು ಸಿಕ್ಕರೆ ಪುಣ್ಯ, ಉಳಿದ ದಿನ ಜೀರುಂಡೆ, ಗೆದ್ದಲು, ಹಲ್ಲಿ ಎಂದು ಬರೆದುಕೊಳ್ಳಿ. ಗಾತ್ರದ ಮೋಹ ಬಿಡಲಾಗುವುದಾದರೆ ಬ್ರೆಜಿಲಿನ ಫಿಲ್ಕಾಕ್ಸಿಯಾವನ್ನು ನೆನೆಯಿರಿ. ಅದು ಮಿಲಿಮೀಟರ್ ಲೆಕ್ಕದ ಅಂಟೆಲೆಗಳನ್ನು ಬಿಳಿ ಮರಳಿನ ಒಳಗೇ ಹರಡಿ ಮಣ್ಣಿನ ಪುಟ್ಟ ದುಂಡುಹುಳ ಹಿಡಿಯುತ್ತದೆ ಎಂದು 2012ರಲ್ಲಿ ತೋರಿಸಿಕೊಟ್ಟರು. ನೆಲದ ಮೇಲೆ ನೋಡಿದರೆ ಬಡಪಾಯಿ ಹೂವಿನ ಕಡ್ಡಿ.

ಬಾಕಿ ಉಳಿದದ್ದು

ಈಗಿನ ಮರಳುಬಾಯಿಗೆ ಆಳದ ಬೇರಿದೆ, ಹಗಲು ನಿದ್ದೆಯಿದೆ, ಒಣ ಬಿಲ್ಲಿನ ಬಾಯಿಯಿದೆ, ಬಾಡಿಗೆಯ ಇರುವೆಗಳಿವೆ. ಆಟದಲ್ಲಿ ಮೂರು ಸಲ ಎದುರಾಗಿದೆ, ನೀರಿನ ಪ್ರಶ್ನೆಯನ್ನು ಯಾರೂ ಎತ್ತಿಲ್ಲ. ಆದರೆ ದೋಷಪಟ್ಟಿ ಖಾಲಿಯಾಗಿಲ್ಲ.

ಹೂವಿನದು ಒಂದು. ಪರಾಗ ತರುವ ಹುಳವನ್ನೂ ಗಿಡ ತಿಂದುಬಿಟ್ಟರೆ ವಂಶ ನಿಲ್ಲುತ್ತದೆ. ಡ್ರೊಸೆರಾ, ಫ್ಲೈಟ್ರ್ಯಾಪ್ ಎರಡೂ ಹೂವನ್ನು ಉದ್ದ ಕಡ್ಡಿಯ ತುದಿಗೆ, ಬಲೆಯಿಂದ ದೂರ ಎತ್ತಿ ಹಿಡಿಯುತ್ತವೆ. ನನ್ನ ಗಿಡಕ್ಕೆ ಆಳೆತ್ತರದ ಕಡ್ಡಿ ಕೊಟ್ಟರೆ ಮೈಲಿ ದೂರಕ್ಕೆ ಕಾಣುತ್ತದೆ, ಹೊಂಚು ಹಾಕಿ ಮಲಗಿದ್ದಕ್ಕೆ ಅರ್ಥವಿಲ್ಲ. ವರ್ಷಕ್ಕೆ ಒಂದೇ ರಾತ್ರಿ ಹೂ ಬಿಡಲಿ ಎಂದು ಸದ್ಯಕ್ಕೆ ಬರೆದಿಟ್ಟಿದ್ದೇನೆ.

ಇನ್ನೊಂದು ಕಳೆದ ಶನಿವಾರದ್ದು. ನಾನು ಹೆದರಿದ್ದೇ ಆಯಿತು. ವ್ಯಾಪಾರಿಗಳು ಮರಳುಬಾಯಿ ಕಂಡ ಕೂಡಲೇ ಕತ್ತಿ ಹಿರಿಯಲಿಲ್ಲ. ಕತ್ತೆಯ ಬೆನ್ನಿನಿಂದ ಗುದ್ದಲಿ ಇಳಿಸಿ, ಹಗಲು ಹೊತ್ತಿನಲ್ಲಿ, ಬೇರಿನ ಜಾಡು ಹಿಡಿದು ಅಗೆಯಲು ಶುರು ಮಾಡಿದರು. ಸಸ್ಯಶಾಸ್ತ್ರದವಳು ಡೈಸ್ ಕೈಯಲ್ಲಿ ಹಿಡಿದು ಕೇಳುತ್ತಿದ್ದಾಳೆ, "ನೀರು ಎಷ್ಟು ಅಡಿಗೆ ಸಿಗುತ್ತೆ?" ಮುಂದಿನ ವಾರ ಹೇಳುತ್ತೇನೆ ಅಂದಿದ್ದೇನೆ. ಇರುವೆಗೂಡು ಎಷ್ಟು ಅಡಿಗೆ ಸಿಗುತ್ತದೆ ಎಂದು ಅವರು ಇನ್ನೂ ಕೇಳಿಲ್ಲ.